ಒಂದೇ ಕೈಗೆ ಕಲಿತ ಕರು

ಪಶುಸಂಗೋಪನಾ ಇಲಾಖೆಗೆ ಹೊಸದಾಗಿ ಸೇರಿದವರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಡ್ತಿ ಎಷ್ಟು ವರ್ಷಕ್ಕೆ ಸಿಕ್ಕಿತು, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಬಡ್ತಿಯ ಕಥೆ ಸರಕಾರದ ಕಡತದಲ್ಲಿದೆ, ಬೇಕಾದವರು ತೆಗೆದು ನೋಡಬಹುದು. ವರ್ಗಾವಣೆ ತಪ್ಪಿಸಿಕೊಳ್ಳುವ ವಿದ್ಯೆ ನನಗೆ ಕೊನೆಯವರೆಗೂ ಒಲಿಯಲಿಲ್ಲ. ಆದ್ದರಿಂದ ಅವೆರಡನ್ನೂ ಬಿಟ್ಟು, ನಾನು ಒದೆ ತಿಂದದ್ದು, ಬೈಸಿಕೊಂಡದ್ದು, ಒಂದು ಒಳ್ಳೆಯ ಕರುವಿನ ಬಾಳು ಕೆಡಿಸಿದ್ದು, ಇಷ್ಟನ್ನು ಬರೆದಿಡುತ್ತೇನೆ. ಓದಿದವರು ಬೇರೆ ಬೇರೆ ತಪ್ಪು ಮಾಡಲಿ, ಇದೇ ತಪ್ಪನ್ನು ಮತ್ತೆ ಮಾಡುವುದು ಬೇಡ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸೇರಿದ್ದು ಸ್ಟಾಕ್‌ಮನ್ ಎಂದು. ಡಾಕ್ಟರ ಕೈಕೆಳಗಿನವನು. ಲಸಿಕೆ ಹಾಕುವುದು, ಗಾಯಕ್ಕೆ ಮದ್ದು ಹಚ್ಚುವುದು, ಹೋರಿಗಳ ಬೀಜ ಒಡೆದು ಎತ್ತು ಮಾಡುವುದು ನಮ್ಮ ಕೆಲಸ. ಹಳ್ಳಿಯವರ ಬಾಯಲ್ಲಿ ನಾನೂ ಡಾಕ್ಟರೇ. ಡಾಕ್ಟರ ಬಾಯಲ್ಲಿ ಮಾತ್ರ ‘ಲೇ ಸ್ಟಾಕ್‌ಮನ್’.

ಮೊದಲು ಹಾಕಿದ್ದು ಮುದ್ದೇಬಿಹಾಳಕ್ಕೆ. ನನ್ನೂರು ಗೋಕಾಕದ ಕಡೆ, ಹೊಳೆಯ ದಂಡೆ. ನೀರು ನೋಡಿ ಬೆಳೆದವನಿಗೆ ಆ ಎರೆಭೂಮಿಯ ಬಯಲು ಕಂಡು ಎದೆ ಧಸಕ್ಕೆಂದಿತು. ತರಬೇತಿಯಲ್ಲಿ ನಮಗೆ ದನದ ಎಲುಬು ಎಣಿಸಲು ಕಲಿಸಿದ್ದರು, ದನದ ಹತ್ತಿರ ಹೋಗುವುದನ್ನು ಕಲಿಸಿರಲಿಲ್ಲ. ಮೊದಲ ವಾರವೇ ಒಂದು ಕಿಲಾರಿ ಹೋರಿಗೆ ಚುಚ್ಚುಮದ್ದು ಹಾಕಬೇಕಾಯಿತು. ಕಿಲಾರಿ ಎಂದರೆ ಈ ಸೀಮೆಯ ಬಿಳಿ ದನ. ಉದ್ದ ಕೊಂಬು, ಬಿಗಿಯಾದ ಮೈ, ಓಟಕ್ಕೆ ಬಿಟ್ಟರೆ ಕುದುರೆ. ಹೊಸಬರನ್ನು ಕಂಡರೆ ಮಾತ್ರ ಬೆದರಿ ಸಾಯುತ್ತದೆ. ನಾನು ಖಾಕಿ ಪ್ಯಾಂಟು ಹಾಕಿ, ಕೈಗೆಲ್ಲ ಫಿನಾಯಿಲ್ ವಾಸನೆ ಬಳಿದುಕೊಂಡು, ಗಂಡಸುತನ ತೋರಿಸುವವನಂತೆ ನೇರ ಎದುರಿಗೆ ಹೋಗಿ ನಿಂತೆ. ಮರುಗಳಿಗೆ ಮೇವು ಹಾಕುವ ಗ್ವಾದಲಿಯೊಳಗೆ, ಅರ್ಧ ತಿಂದ ಜೋಳದ ಕಣಿಕೆಯ ಮೇಲೆ ಅಂಗಾತ ಬಿದ್ದಿದ್ದೆ. ಸುತ್ತ ನಿಂತವರು ನಕ್ಕ ನಗು ಒಂದು ತಿಂಗಳು ಕಿವಿಯಲ್ಲಿತ್ತು.

ಎತ್ತಿ ನಿಲ್ಲಿಸಿದವರು ನಮ್ಮ ದವಾಖಾನೆಯ ಜವಾನ ಹುಸೇನಸಾಬ. ಅರವತ್ತರ ಹತ್ತಿರದ ಮನುಷ್ಯ, ಓದು ಬರಹ ಇಲ್ಲ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

“ಯಾಕ್ರಿ ತಮ್ಮಾರ, ಅದರ ಕಣ್ಣಾಗ ಕಣ್ಣ ಇಟ್ಟ ನಿಂತ್ರಿ? ದನಕ್ಕ ಅದು ಜಗಳಕ್ಕ ಕರದಂಗ” ಎಂದರು.

“ಮತ್ತ ಹೆಂಗ ಹೋಗಬೇಕು ಚಾಚಾ?”

“ಬಾಜೂಕ ಹೋಗಿ ನಿಂದರ್ರಿ. ಬೆನ್ನ ಅದರ ಕಡೆ ಇರ್ಲಿ. ಕೈಗೆ ಅದರ ಕಣಿಕೀನ ತಿಕ್ಕೋರಿ. ಅದು ತಾನ ಮೂಸಿ ನೋಡಾಕ ಬರತೈತಿ. ಬರೂತನಕ ನಿಮಗ ಏನೂ ಕೆಲಸ ಇಲ್ಲಂತ ತಿಳೀರಿ.”

ಅವರ ಇನ್ನೊಂದು ಪದ್ಧತಿ ಇತ್ತು. ಎಂಥ ಪುಂಡ ದನವಾದರೂ ಹದಕ್ಕೆ ತಂದು, ಹೊರಡುವ ಮೊದಲು ಹಗ್ಗವನ್ನು ಮಾಲೀಕನ ಕೈಗೆ ಕೊಟ್ಟು, ಅವನು ಹತ್ತು ಹೆಜ್ಜೆ ನಡೆಸುವವರೆಗೆ ನಿಂತು ನೋಡುತ್ತಿದ್ದರು. ಬಿಸಿಲಿನಲ್ಲಿ ನನಗೆ ಅದು ಹೊತ್ತು ಹಾಳು ಅನ್ನಿಸುತ್ತಿತ್ತು. ‘ನಡೀರಿ ಚಾಚಾ’ ಎಂದು ಅವಸರ ಮಾಡುತ್ತಿದ್ದೆ. ಅವರು ಬೈಯುತ್ತಿರಲಿಲ್ಲ, ಬರುತ್ತಲೂ ಇರಲಿಲ್ಲ. ಹತ್ತು ಹೆಜ್ಜೆ ಮುಗಿದ ಮೇಲೆಯೇ ಚಪ್ಪಲಿ ಮೆಟ್ಟುತ್ತಿದ್ದರು.

ಅಲ್ಲಿಂದ ಇಂಡಿಗೆ ಹಾಕಿದರು. ಅದು ಇಲಾಖೆಯಲ್ಲಿ ಎಲ್ಲ ಬದಲಾಗುತ್ತಿದ್ದ ಕಾಲ. ಹೋರಿಯ ಬದಲು ಥರ್ಮಾಸ್ ಬಂತು. ವಿಜಾಪುರದಿಂದ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ಬರ್ಫ ತುಂಬಿದ ಥರ್ಮಾಸಿನಲ್ಲಿ ಸೀಮೆಹೋರಿಯ ವೀರ್ಯದ ಸಣ್ಣ ಬಾಟಲಿಗಳು ಬರುತ್ತಿದ್ದವು. ಒಂದು ದಿನ ಅದರ ಮುಚ್ಚಳ ಸಡಿಲಾಗಿ ಬರ್ಫವೆಲ್ಲ ಕರಗಿ, ಒಬ್ಬ ಮುದುಕಿಯ ಗಂಟನ್ನು ತೋಯಿಸಿತು. ‘ಇದೇನೋ ಯಪ್ಪಾ ಇದರಾಗ’ ಎಂದು ಆಕೆ ಕೇಳಿದ್ದಕ್ಕೆ ಕಂಡಕ್ಟರ್ ಬಿಡಿಸಿ ಹೇಳಿಬಿಟ್ಟ. ಮುದುಕಿ ಗಂಟನ್ನು ಅಲ್ಲಿಯೇ ಬಿಟ್ಟು ಇಳಿದಳು. ಊರಿನವರು ನನ್ನನ್ನು ಕಂಡರೆ ‘ಹೋರಿ ಥರ್ಮಾಸಿನ್ಯಾಗ ಮಲಗೇತೇನ್ರಿ?’ ಎಂದು ಕೇಳತೊಡಗಿದರು.

ಇಂಡಿಯ ಡಾಕ್ಟರ್ ಸಾಹೇಬರು ಸಿಡುಕಿನವರು, ಆದರೆ ದನ ಬಲ್ಲವರು. ಮೇಲಿನ ಆಜ್ಞೆಯಂತೆ ಊರೂರಿನ ನಾಡ ಹೋರಿಗಳ ಬೀಜ ಒಡೆಸುತ್ತಿದ್ದರು, ಒಡೆಸಿದ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹಾಗೆಂದು ಎಲ್ಲ ಕಿಲಾರಿಯನ್ನೂ ಮುಗಿಸಬಾರದೆಂದು ಒಂದು ದಾರಿ ಬಿಟ್ಟಿದ್ದರು. ಜಾನುವಾರು ಪ್ರದರ್ಶನದಲ್ಲಿ ಆಯ್ಕೆಯಾದ ಹೋರಿಗರುಗಳನ್ನು ಬೀಜದ ಹೋರಿಯೆಂದು ಉಳಿಸುವುದು, ಆಯ್ಕೆಯಾಗದವನ್ನು ಎತ್ತು ಮಾಡುವುದು. ಆ ವರ್ಷ ಇಂಡಿಯ ಪ್ರದರ್ಶನದಲ್ಲಿ ರೈತರ ಕರುಗಳನ್ನು ಅಖಾಡಕ್ಕೆ ತಂದು ನಡೆಸಿದವರು ನಾವೇ, ಇಲಾಖೆಯವರು. ಬಿಳಿ ಕೋಟು ಹಾಕಿಕೊಂಡು ನಾನೂ ಎರಡು ಕರು ನಡೆಸಿದೆ. ಸೊಗಸಾಗಿ ನಡೆದವು. ಹೀಗೇ ಇರುತ್ತದೆ ಎಂದುಕೊಂಡೆ.

ಡಾಕ್ಟರಿಗೆ ಸಿಂದಗಿಗೆ ವರ್ಗವಾಯಿತು. ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದರು. ತಾವು ಸಿಂದಗಿಯಲ್ಲಿ ಕೂತರು, ನನ್ನನ್ನು ದೇವರ ಹಿಪ್ಪರಗಿಯ ಆಚೆ ಒಂದು ಹಳ್ಳಿಯ ಚಿಕಿತ್ಸಾ ಕೇಂದ್ರಕ್ಕೆ ಹಾಕಿದರು. ಕೇಂದ್ರವೆಂದರೆ ಒಂದು ಕೋಣೆ, ಒಂದು ಕಪಾಟು, ಒಂದು ಕುರ್ಚಿ. ಅದೇ ಕೋಣೆಯಲ್ಲಿ ನನ್ನ ಹಾಸಿಗೆ, ನನ್ನ ಸ್ಟೋವು.

ಆ ಎರಡು ವರ್ಷಗಳ ಬಗ್ಗೆ ಯಾರೂ ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ. ಬೆಳಿಗ್ಗೆ ನಾಲ್ಕು ದನ ಬಂದರೆ ಬಂದವು. ಮಧ್ಯಾಹ್ನದ ನಂತರ ಊರೆಲ್ಲ ಹೊಲದಲ್ಲಿ, ನಾನು ಕುರ್ಚಿಯಲ್ಲಿ. ವಾರಕ್ಕೊಮ್ಮೆ ಹಿಪ್ಪರಗಿ ಸಂತೆಗೆ ಹೋಗಿ ಬೇಳೆ, ಸೀಮೆಎಣ್ಣೆ ತರುತ್ತಿದ್ದೆ. ಸಂತೆಯಲ್ಲಿ ಯಾರಾದರೂ ಮೈಗೆ ಡಿಕ್ಕಿ ಹೊಡೆದು ‘ಸರೀರಿ’ ಎಂದರೆ, ಒಬ್ಬರು ನನ್ನ ಜೊತೆ ಮಾತಾಡಿದರಲ್ಲ ಎಂದು ಸಮಾಧಾನವಾಗುತ್ತಿತ್ತು. ಅಪ್ಪ ಅವ್ವ ತೀರಿಕೊಂಡಿದ್ದರು. ಅಣ್ಣ ಹೆಣ್ಣು ನೋಡುತ್ತಿದ್ದ, ಆದರೆ ಹುಡುಗ ದನದ ದವಾಖಾನೆಯಲ್ಲಿದ್ದಾನೆ ಎಂದೊಡನೆ ಹೆಣ್ಣಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಊರಿನವರು ಕೆಟ್ಟವರಲ್ಲ. ಸರಕಾರದ ಮನುಷ್ಯನನ್ನು ಏನು ಮಾತಾಡಿಸುವುದು ಎಂದು ಅವರಿಗೆ ಸಂಕೋಚ. ಅವರಾಗಿ ಬಂದಾರು ಎಂದು ನಾನು ಕಾದೆ, ನಾನಾಗಿ ಬಂದೇನು ಎಂದು ಅವರು ಕಾದರು. ಹೀಗೆಯೇ ಒಂದು ವರ್ಷ ಹೋಯಿತು.

ಗಂಗವ್ವ ಬಂದದ್ದು ಆಗ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಗಂಡ ಶಿವಪ್ಪ ಮಾತು ಕಡಿಮೆಯ ಒಕ್ಕಲಿಗ. ಸಂಸಾರದ ಮಾತನ್ನೆಲ್ಲ ಈಕೆಯೇ ಆಡುತ್ತಿದ್ದಳು.

“ಡಾಕ್ಟರ್ರ, ನಮ್ಮ ಚಂದ್ಯಾಗ ಯಾರೂ ಹತ್ತಿರ ಹೋಗಾಕ ಆಗವಲ್ದು. ಒಂದೀಟು ನೋಡ್ರಿ” ಎಂದಳು.

ಚಂದ್ಯಾ ವರ್ಷ ದಾಟಿದ ಹೋರಿಗರು. ನಾನು ನೋಡಿದ ಕಿಲಾರಿ ಕರುಗಳಲ್ಲೆಲ್ಲ ಚೆಂದದ್ದು. ನೇರ ಬೆನ್ನು, ಅಗಲ ಹಣೆ, ಇನ್ನೂ ಗೇಣುದ್ದದ ಜೋಡಿ ಕೊಂಬು ಅಳತೆ ಮಾಡಿ ಇಟ್ಟಂತೆ. ಆದರೆ ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಮೈ ಒತ್ತಿ ನಡುಗುತ್ತಿತ್ತು. ಹಿಂದಿನ ಮಳೆಗಾಲಕ್ಕೆ ಮುಂಚೆ ಹೊಲದಲ್ಲಿ ಅದರ ತಾಯಿಗೆ ಸಿಡಿಲು ಬಡಿದಿತ್ತು, ಕರು ಹತ್ತು ಮಾರು ದೂರದಲ್ಲಿತ್ತು. ಅಂದಿನಿಂದ ತಂಬಿಗೆ ಬಿದ್ದರೂ ಹಗ್ಗ ಹರಿದುಕೊಂಡು ಓಡುತ್ತಿತ್ತು.

“ಇದರ ಅವ್ವನ ಅವ್ವ ನನ್ನ ತವರಿಂದ ನನ್ನ ಬೆನ್ನ ಹಿಂದ ನಡಕೊಂಡ ಬಂದಾಕಿ” ಎಂದಳು ಗಂಗವ್ವ. “ಅದರ ಅವ್ವನ ಹಾಲು ಕುಡದು ನಾ ದೊಡ್ಡಾಕಿ ಆದೆ. ತವರಾಗ ಈಗ ಯಾರೂ ಇಲ್ರಿ, ದನಾನೂ ಇಲ್ಲ. ಆ ಬಳ್ಳಿಗೆ ಇದೊಂದ ಉಳದೈತಿ. ಇದರ ಬೀಜ ಒಡದ್ರ ಮುಗದ ಹೋತು ನೋಡ್ರಿ.”

ಪ್ರದರ್ಶನದ ಸುದ್ದಿ ಹೇಳಿದೆ. ಆ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿಗೆ ಸೇರಿ ಬಸವನ ಬಾಗೇವಾಡಿಯಲ್ಲಿ ನಡೆಯುವುದಿತ್ತು. ಹಾಲುಹಲ್ಲಿನ ಹೋರಿಗರುಗಳದ್ದೇ ಒಂದು ಪಂಕ್ತಿ. ಅವಕ್ಕೆ ಇನ್ನೂ ಮೂಗು ಚುಚ್ಚಿರುವುದಿಲ್ಲ, ಆದ್ದರಿಂದ ಬರೀ ಮುಖಕ್ಕೆ ಕಟ್ಟಿದ ಹಗ್ಗದಲ್ಲಿ ನಡೆಸಿ, ತೀರ್ಪುಗಾರರ ಮುಂದೆ ನಾಲ್ಕು ಕಾಲೂ ಸರಿಯಾಗಿ ಊರಿ ನಿಲ್ಲಿಸಬೇಕು. ಆಯ್ಕೆಯಾದರೆ ಚಂದ್ಯಾ ಬೀಜದ ಹೋರಿಯಾಗಿ ಉಳಿಯುತ್ತದೆ, ಇಲ್ಲದಿದ್ದರೆ ಬೀಜ ಒಡೆಯುವ ಇಕ್ಕಳ. ಕೈಯಲ್ಲಿ ಆರು ತಿಂಗಳಿತ್ತು.

“ಕಲಿತೈತೇನ್ರಿ ಇದು?” ಎಂದಳು.

“ನಾ ಕಲಸ್ತೇನಿ ಅಕ್ಕಾ” ಎಂದೆ. ಆ ಊರಿನಲ್ಲಿ ಅಷ್ಟು ಉತ್ಸಾಹದಿಂದ ನಾನು ಆಡಿದ ಮೊದಲ ಮಾತು ಅದು.

ಮೊದಲ ಹದಿನೈದು ದಿನ ನಾನು ಏನೂ ಮಾಡಲಿಲ್ಲ. ದಿನಾ ಮಧ್ಯಾಹ್ನ ಹೋಗಿ, ಕೈಗೆ ಕಣಿಕೆ ತಿಕ್ಕಿಕೊಂಡು, ಕರುವಿಗೆ ಬೆನ್ನು ಮಾಡಿ ಕೊಟ್ಟಿಗೆಯಲ್ಲಿ ಕುಳಿತೆ. ಸುಮ್ಮನೆ ಕೂರಲಾಗದೆ ಮಾತಾಡಿದೆ. ನಮ್ಮೂರ ಹೊಳೆ, ಅವ್ವ ಮಾಡುತ್ತಿದ್ದ ಹುಳಿಬಾನ, ಅಣ್ಣನ ಕಾಗದ, ಡಾಕ್ಟರ ಸಿಡುಕು, ಯಾರಿಗೂ ಹೇಳದ್ದನ್ನೆಲ್ಲ ಅದಕ್ಕೆ ಹೇಳಿದೆ. ಹದಿನಾರನೆಯ ದಿನವೋ ಏನೋ, ಹಿಂದಿನಿಂದ ಕತ್ತಿಗೆ ಬಿಸಿ ಉಸಿರು ತಾಗಿತು. ಕರು ನನ್ನ ಅಂಗಿಯ ಕಾಲರನ್ನು ಮೂಸುತ್ತಿತ್ತು. ತಿರುಗಿ ನೋಡಬಾರದೆಂದು ಗೊತ್ತಿತ್ತು. ನೋಡದೆ ಕುಳಿತಲ್ಲಿಯೇ ಅತ್ತೆ.

ಆಮೇಲಿನದನ್ನು ಹೊಸಬರು ಗಮನವಿಟ್ಟು ಓದಬೇಕು, ಏಕೆಂದರೆ ಇಲ್ಲಿಯವರೆಗೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಮೊದಲು ಕೋಲಿನ ತುದಿಗೆ ಬಟ್ಟೆ ಸುತ್ತಿ, ದೂರದಿಂದಲೇ ಕುತ್ತಿಗೆ, ಬೆನ್ನು, ತೊಡೆ ಸವರಿದೆ. ಕೋಲಿಗೆ ಬೆದರುವುದು ನಿಂತ ಮೇಲೆ ಕೈ. ಮುಖಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ನೆಲಕ್ಕೆ ಬಿಟ್ಟೆ. ಕರು ತನ್ನ ಹಗ್ಗವನ್ನು ತಾನೇ ತುಳಿದು, ತಲೆ ಜಗ್ಗಿದಂತಾದಾಗ ನಿಲ್ಲಬೇಕು ಎಂದು ಕಲಿಯಿತು. ಆಮೇಲೆ ನಾನು ಹಗ್ಗ ಹಿಡಿದೆ. ಜಗ್ಗುವುದಲ್ಲ, ಬರೀ ಬಿಗಿ ಹಿಡಿಯುವುದು. ಕರು ಒಂದು ಹೆಜ್ಜೆ ಕೊಟ್ಟ ತಕ್ಷಣ ಹಗ್ಗ ಸಡಿಲ. ಹೆಜ್ಜೆಗೆ ಸಿಗುವ ಕೂಲಿ ಆ ಸಡಿಲವೇ. ಕೆಲವರು ಕರುವನ್ನು ಗೂಟಕ್ಕೆ ಬಿಗಿದು, ಒದ್ದಾಡಿ ಸೋಲಲಿ ಎಂದು ಬಿಡುತ್ತಾರೆ. ಸೋತ ಕರು ನಡೆಯುತ್ತದೆ ನಿಜ, ಆದರೆ ತಲೆ ಎತ್ತುವುದಿಲ್ಲ. ತೀರ್ಪುಗಾರರಿಗೆ ತಲೆ ಎತ್ತಿದ ಕರು ಬೇಕು.

ಸದ್ದಿನ ಅಂಜಿಕೆ ಬಿಡಿಸಲು ಹೆಚ್ಚು ದಿನ ಹಿಡಿಯಿತು. ಡಬ್ಬಿಯನ್ನು ಮೊದಲು ಊರ ಆ ತುದಿಯಲ್ಲಿ ಬಡಿಸಿದೆ, ದಿನದಿನಕ್ಕೆ ಹತ್ತಿರ ತರಿಸಿದೆ. ಪ್ರತಿ ಸಲ ಕರು ಬೆದರಿದಾಗ ನಾಲಿಗೆ ಲೊಚಗುಟ್ಟಿ ‘ಬಾ’ ಎನ್ನುತ್ತಿದ್ದೆ. ಅದು ಬಂದು ನನ್ನ ಕಂಕುಳಲ್ಲಿ ತಲೆ ತುರುಕುತ್ತಿತ್ತು. ಕತ್ತು ಸವರಿದರೆ ಸುಮ್ಮನಾಗುತ್ತಿತ್ತು. ಮೂರು ತಿಂಗಳಲ್ಲಿ ಡಬ್ಬಿಯ ಪಕ್ಕದಲ್ಲೇ ನಿಂತು ಮೆಲುಕು ಹಾಕುವಂತಾಯಿತು, ನಾನು ಜೊತೆಗಿದ್ದರೆ.

ಗಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಹಗ್ಗ ಒಂದೀಟು ನನ್ನ ಕೈಯಾಗ ಕೊಡ್ರೆಲಾ” ಎಂದಳು ಒಂದು ದಿನ.

“ಇನ್ನೂ ಹಸಿ ಐತಿ ಅಕ್ಕಾ. ಎಂಟ ದಿನ ತಾಳ್ರಿ” ಎಂದೆ.

ಎಂಟು ದಿನದ ಮೇಲೆ ಮತ್ತೆ ಕೇಳಿದಳು. ಮತ್ತೆ ಎಂಟು ದಿನ ಎಂದೆ. ಮೂರನೆಯ ಸಲ ಕೇಳಿದಾಗ ಆಕೆಯ ದನಿಯಲ್ಲಿ ಬೇಡಿಕೆ ಇತ್ತು, ನಾನು ಶಾಸ್ತ್ರ ಹೇಳಿದೆ. ಕರುವಿಗೆ ಗೊಂದಲವಾಗುತ್ತದೆ, ಕಲಿಕೆ ಕೆಡುತ್ತದೆ, ಹೀಗೆ ಬಾಯಿಗೆ ಬಂದದ್ದು. ಅದು ಯಾವ ಪುಸ್ತಕದಲ್ಲೂ ಇರದ ಶಾಸ್ತ್ರ. ಸರಕಾರದವನು ಹೇಳಿದ ಮೇಲೆ ನಿಜವೇ ಇರಬೇಕೆಂದು ಆಕೆ ನಂಬಿದಳು.

ಇನ್ನೊಂದನ್ನೂ ಹೇಳಿಬಿಡಬೇಕು. ಒಂದು ಸಂಜೆ ಗಂಗವ್ವ ಬುಟ್ಟಿಯಲ್ಲಿ ಹಿಂಡಿ ತಂದಳು. ಹಗ್ಗ ಸಡಿಲವಿತ್ತು. ಚಂದ್ಯಾ ಕಿವಿ ಮುಂದೆ ಮಾಡಿ ಆಕೆಯ ಕಡೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಆಕೆಯ ಮುಖ ಅರಳಿತು. ನಾನು, ಯಾರಿಗೂ ಕೇಳದಷ್ಟು ಮೆಲ್ಲಗೆ, ನಾಲಿಗೆ ಲೊಚಗುಟ್ಟಿದೆ. ಕರು ತಿರುಗಿ ನನ್ನ ಬಳಿಗೆ ಬಂತು. ಗಂಗವ್ವ ಬುಟ್ಟಿ ಇಳಿಸಿ ಒಳಗೆ ಹೋದಳು. ನನಗೆ ಹೊಟ್ಟೆಕಿಚ್ಚಾಗಿತ್ತು. ಇಡೀ ಊರಿನಲ್ಲಿ ನನ್ನನ್ನು ಕಂಡು ಎದ್ದು ನಿಲ್ಲುವ ಜೀವ ಅದೊಂದೇ ಇತ್ತು, ಅದನ್ನು ಹಂಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹುಸೇನಸಾಬರ ಹತ್ತು ಹೆಜ್ಜೆಯನ್ನು ನಾನು ಮರೆತಿರಲಿಲ್ಲ. ಬೇಕೆಂದೇ ಬಿಟ್ಟೆ.

ಬಾಗೇವಾಡಿಗೆ ನಡೆದೇ ಹೋದೆವು, ಎರಡು ದಿನದ ದಾರಿ. ನಾನು ರಜೆ ಹಾಕಿದ್ದೆ. ಹಗ್ಗ ನನ್ನ ಕೈಯಲ್ಲಿ, ಹಿಂದೆ ಶಿವಪ್ಪ ಮೇವು ಹೊತ್ತು, ಅವನ ಹಿಂದೆ ಗಂಗವ್ವ ರೊಟ್ಟಿಯ ಗಂಟು ಹೊತ್ತು. ದಾರಿಯ ಎರಡೂ ಬದಿಗೆ ಜೋಳ ತೆನೆ ಹಿರಿದಿತ್ತು. ಲಾರಿ ಬಂದರೂ ಚಂದ್ಯಾ ಬೆದರಲಿಲ್ಲ, ನನ್ನ ಸೊಂಟಕ್ಕೆ ಸ್ವಲ್ಪ ಒತ್ತಿಕೊಳ್ಳುತ್ತಿತ್ತು ಅಷ್ಟೆ. ಎದುರಾದವರು ನಿಂತು ‘ಯಾರದರಿ ಕರ, ಭಾರಿ ಐತಲ್ಲ’ ಎಂದು ಕೇಳಿದಾಗ ಗಂಗವ್ವ ‘ನಮ್ಮದ್ರಿ’ ಎನ್ನುತ್ತಿದ್ದಳು. ನನ್ನ ಆ ಎರಡು ವರ್ಷಗಳಲ್ಲಿ ಒಂಟಿ ಅನ್ನಿಸದ ದಿನಗಳೆಂದರೆ ಈ ಎರಡೇ.

ಅಖಾಡದ ಬಾಯಲ್ಲಿ ಒಬ್ಬ ಗುಮಾಸ್ತ ಕಾಗದ ಹಿಡಿದು ಕೂಗುತ್ತಿದ್ದ. ಕರುವನ್ನು ಮಾಲೀಕ ಇಲ್ಲವೇ ಅವನ ಮನೆಯವರೇ ನಡೆಸಬೇಕು, ಇಲಾಖೆಯವರು ಅಖಾಡದ ಸುತ್ತ ಕಟ್ಟಿದ ಹಗ್ಗ ದಾಟಿ ಒಳಗೆ ಬರಬಾರದು. ಹಿಂದಿನ ವರ್ಷ ಇಲಾಖೆಯವರು ತಮಗೆ ಬೇಕಾದವರ ದನ ಮುಂದೆ ಮಾಡಿದರೆಂದು ತಕರಾರು ಬಂದಿತ್ತಂತೆ, ಅದಕ್ಕೆ ಹೊಸ ನಿಯಮ. ಸರಿಯಾದ ನಿಯಮವೇ.

ಹಗ್ಗವನ್ನು ಶಿವಪ್ಪನ ಕೈಗೆ ಕೊಟ್ಟೆ. ಚಂದ್ಯಾ ನಾಲ್ಕು ಕಾಲೂ ನೆಲಕ್ಕೆ ಊರಿ ಕಲ್ಲಾಯಿತು. ಶಿವಪ್ಪ ಜಗ್ಗಿದ, ಅದು ಹಿಂಗಾಲ ಮೇಲೆ ಎದ್ದು ನಿಂತಿತು. ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಕೊಡ್ರಿ ಇಲ್ಲೆ, ನಾ ಹಿಡೀತೇನಿ” ಎಂದು ಹಗ್ಗ ಇಸಿದುಕೊಂಡಳು. ಹೆಣ್ಣುಮಗಳು ಅಖಾಡಕ್ಕಿಳಿದಳೆಂದು ಜನ ಸಿಳ್ಳೆ ಹಾಕಿದರು. ಆಕೆ ಲಕ್ಷ್ಯ ಕೊಡಲಿಲ್ಲ. “ಬಾರೋ ನನ್ನಪ್ಪಾ, ಬಾ” ಎನ್ನುತ್ತ ಹೇಗೋ ಅದನ್ನು ನಡುವಿನವರೆಗೆ ಕರೆದೊಯ್ದಳು. ಮೂವರು ತೀರ್ಪುಗಾರರು ಎದ್ದು ನಿಂತರು. ಅವರ ಕಣ್ಣಲ್ಲಿ ಮೆಚ್ಚುಗೆ ಇತ್ತು, ಹಗ್ಗದ ಆಚೆ ನಿಂತ ನನಗೂ ಅದು ಕಾಣಿಸಿತು. ಒಬ್ಬರು ಕರುವಿನ ಬೆನ್ನು ಮುಟ್ಟಲು ಕೈ ಚಾಚಿದರು.

ಚಂದ್ಯಾ ಸಿಡಿಯಿತು. ಗಂಗವ್ವ ಹಗ್ಗ ಬಿಡಲಿಲ್ಲ, ಅದು ಆಕೆಯನ್ನು ಹತ್ತು ಮಾರು ಮಣ್ಣಿನಲ್ಲಿ ಎಳೆದುಕೊಂಡು ಹೋಯಿತು. ಮೊಣಕಾಲು, ಮೊಣಕೈ ತರಚಿ ಕೈ ಸೋತ ಮೇಲೆ ಬಿಟ್ಟಳು. ಕರು ಇಡೀ ಅಖಾಡ ಸುತ್ತಿ, ಜನರ ನಡುವೆ ನನ್ನನ್ನು ಹುಡುಕಿ, ಹಗ್ಗ ಹಾರಿ ಬಂದು ನನ್ನ ಕಂಕುಳಲ್ಲಿ ತಲೆ ತುರುಕಿ ನಿಂತಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯ ತೀರ್ಪುಗಾರರು ಹತ್ತಿರ ಬಂದು, “ಯಾರ ಕರರಿ ಇದು? ಆ ಹೆಣ್ಣಮಗಳದೋ, ನಿಮ್ಮದೋ?” ಎಂದು ಕೇಳಿದರು.

“ಆಕೀದರಿ” ಎಂದೆ.

“ಆಕೀದು ಅಂತ ಅದಕ್ಕ ಗೊತ್ತಿಲ್ಲಲ್ಲ.” ಅವರು ಚಂದ್ಯಾನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. “ಇಂಥಾ ಕರ ಬಿಡಾಕ ಹೊಟ್ಟಿ ಉರೀತೈತಿ. ಆದ್ರ ನಾಳೆ ಇದರ ಹತ್ತರ ಹಳ್ಳಿ ಮಂದಿ ಆಕಳ ತರಬೇಕು, ಮಾಲಕರು ಇದನ್ನ ಹಿಡೀಬೇಕು. ಮಾಲಕರ ಕೈಗೆ ಬರದ ಹೋರಿ ಊರಿಗೆ ಅಪಾಯ” ಎಂದು ಪಟ್ಟಿಯಲ್ಲಿ ಗೀಟು ಎಳೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ಬೀಳಿಸಿದವನು ನಾನು.

ಗಂಗವ್ವ ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದಳು. ಬೈಯುತ್ತಾಳೆಂದು ಕಾದೆ. “ಪಾಪ, ಅಂಜೇತಿ” ಎಂದಳು, ಅಷ್ಟೆ. ವಾಪಸು ಬರುವಾಗ ಎರಡು ದಿನವೂ ಹಗ್ಗವನ್ನು ಆಕೆಯ ಕೈಗೆ ಕೊಡಲು ನೋಡಿದೆ. “ಈಗ ಯಾಕ್ರಿ” ಎಂದಳು.

ಆಮೇಲೆ ನನಗೂ ಮದುವೆಯಾಯಿತು, ಮಕ್ಕಳಾದರು, ಹತ್ತು ಊರು ತಿರುಗಿದೆ. ಎಷ್ಟೋ ಕರುಗಳನ್ನು ಕಲಿಸಿದೆ. ಮೂರನೆಯ ದಿನದಿಂದಲೇ ಹಗ್ಗವನ್ನು ಮನೆಯವರ ಕೈಗೆ, ನೆರೆಯವರ ಕೈಗೆ, ದಾರಿಯಲ್ಲಿ ಹೋಗುವವರ ಕೈಗೂ ಕೊಟ್ಟೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ. ಕರು ನಿಮ್ಮನ್ನು ಮರೆತರೆ ನಿಮ್ಮ ಕೆಲಸ ಸರಿಯಾಯಿತು ಎಂದು ತಿಳಿಯಿರಿ. ಹೇಳುವುದು ಸುಲಭ. ಹೊಸ ಊರಿನ ಒಂದು ಕೋಣೆಯಲ್ಲಿ, ಯಾರೂ ಇಲ್ಲದಾಗ, ಅದನ್ನು ಮಾಡುವುದು ಸುಲಭವಲ್ಲ ಎಂಬುದೂ ನನಗೆ ಗೊತ್ತಿದೆ.

ಬಾಗೇವಾಡಿಯಿಂದ ಬಂದ ಕೆಲವು ತಿಂಗಳಿಗೆ, ಚಂದ್ಯಾನಿಗೆ ಎರಡು ಹಲ್ಲು ಬಂದ ಮೇಲೆ, ಡಾಕ್ಟರು ಬೀಜ ಒಡೆಸಲು ಆ ಹಳ್ಳಿಗೆ ದಿನ ಗೊತ್ತು ಮಾಡಿದರು. ನಾನು ಸಿಂದಗಿಗೆ ಹೋಗಿ ಅಂಗಲಾಚಿದೆ.

“ಇದೊಂದ ಬಿಡ್ರಿ ಸಾಹೇಬ್ರ” ಎಂದೆ.

“ಇದೊಂದ ಬಿಟ್ರ ಅದೊಂದ ಬಿಡು ಅಂತಾರ. ಆಯ್ಕೆ ಆಗಿದ್ರ ನಾನ ಹಾರ ಹಾಕತಿದ್ದೆ” ಎಂದರು. “ನಿನಗ ಆಗೂದಿಲ್ಲಂದ್ರ ಮುದ್ದೇಬಿಹಾಳದಿಂದ ಬ್ಯಾರೆಯವನ್ನ ಕರಸ್ತೇನಿ” ಎಂದೂ ಹೇಳಿದರು. ನಾನು ಒಪ್ಪಿದೆ. ಗೊತ್ತಾದ ದಿನ ರಜೆ ಹಾಕಿ ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದೆ.

ಅದರ ಹಿಂದಿನ ದಿನ ಗಂಗವ್ವ ನನ್ನ ಕೋಣೆಗೆ ಬಂದಳು. ಅಷ್ಟು ದಿನದಲ್ಲಿ ಆಕೆ ಒಳಗೆ ಬಂದು ಕುಳಿತದ್ದು ಅದೇ ಮೊದಲು.

“ಬ್ಯಾರೆಯವರು ಬರ್ತಾರಂತ?” ಎಂದಳು.

“ಹೌದಕ್ಕಾ. ನನಗ ಆಗೂದಿಲ್ಲ.”

“ಬ್ಯಾರೆಯವರು ಬಂದ್ರ ಐದಾರ ಮಂದಿ ಹಗ್ಗಾ ಹಾಕಿ ಕೆಡವತಾರ. ಅದು ಹೆದರಿ ಎದಿ ಒಡಕೊಂಡೀತು. ನಿಮ್ಮ ಕೈಯಾಗಾದ್ರ ಸುಮ್ಮನ ನಿಂದರತೈತಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವ ಮಾಡ್ರಿ ಡಾಕ್ಟರ್ರ.”

ನಾನು ರಜೆಯ ಅರ್ಜಿ ಹರಿದು ಹಾಕಿದೆ.

ಮರುದಿನ ಬೆಳಿಗ್ಗೆ ಬೇವಿನ ಗಿಡಕ್ಕೆ ಚಂದ್ಯಾನ ಹಗ್ಗವನ್ನು ಉದ್ದಕ್ಕೆ ಬಿಟ್ಟು ಕಟ್ಟಿದೆ. ಕೆಡವಲು ಬಂದವರನ್ನು ದೂರ ಕಳಿಸಿದೆ. ಡಾಕ್ಟರು ಕಟ್ಟೆಯ ಮೇಲೆ ಕುಳಿತಿದ್ದರು, ಗಂಗವ್ವ ಮನೆಯೊಳಗಿದ್ದಳು. ಕುತ್ತಿಗೆಯಿಂದ ಬೆನ್ನು, ಬೆನ್ನಿನಿಂದ ತೊಡೆ ಸವರುತ್ತ, ಮಾತಾಡುತ್ತ ಹಿಂದಕ್ಕೆ ಹೋದೆ. ಅದು ಕಿವಿ ನನ್ನ ಕಡೆಗೆ ತಿರುಗಿಸಿ, ಪ್ರದರ್ಶನಕ್ಕೆಂದು ನಾನು ಕಲಿಸಿದ ಹಾಗೆ ನಾಲ್ಕೂ ಕಾಲು ಸರಿಯಾಗಿ ಊರಿ, ತಲೆ ಎತ್ತಿ ನಿಂತಿತು. ಅದೇ ಅನುಕೂಲವಾಯಿತು. ಎಡಗಡೆಯ ಬೀಜದ ನರಕ್ಕೆ ಇಕ್ಕಳ ಹಚ್ಚಿ ಒತ್ತಿದೆ.

ಅದು ಕೂಗಿದ ಕೂಗಿಗೆ ಗಿಡದ ಹಕ್ಕಿಗಳೆಲ್ಲ ಎದ್ದವು. ಹಗ್ಗದ ಉದ್ದಕ್ಕೂ ಓಡಿ ಸುತ್ತು ತಿರುಗಿತು, ಬಾಯಿ ತೆರೆದು ಸುತ್ತಲೂ ನೋಡಿತು. ನಾನು ಇಕ್ಕಳ ಹಿಡಿದು ಅಲ್ಲೇ ನಿಂತಿದ್ದೆ. ನನ್ನನ್ನು ಕಂಡಿತು. ನಡುಗುತ್ತ ಬಂದು, ನನ್ನ ಕಂಕುಳಲ್ಲಿ ತಲೆ ತುರುಕಿತು.

“ಇನ್ನೊಂದ ಕಡೀದು ಉಳದೈತಿ” ಎಂದರು ಡಾಕ್ಟರು, ಮೆಲ್ಲಗೆ.

ಅದು ಸುಮ್ಮನಾಗುವವರೆಗೆ ಕತ್ತು ಸವರಿದೆ. ಆಮೇಲೆ ಮತ್ತೆ ಹಿಂದಕ್ಕೆ ಹೋದೆ.